ಎರಡು ಮರಗಳ ನಡುವಿನ ನೀರು

ದೋಣಿಯ ಮುಂಭಾಗದಲ್ಲಿ, ಎರಡು ಒಡಲುಗಳ ನಡುವೆ, ದಪ್ಪ ಹೆಣಿಗೆಯ ಬಲೆಯೊಂದನ್ನು ಬಿಗಿದಿರುತ್ತಾರೆ. ಅದರ ಮೇಲೆ ಬೋರಲು ಮಲಗಿದರೆ ಮೂಗಿನ ಕೆಳಗೇ ಸಮುದ್ರ ಹರಿಯುತ್ತಿರುತ್ತದೆ. ಎಡಕ್ಕೊಂದು ಒಡಲು, ಬಲಕ್ಕೊಂದು ಒಡಲು. ಎರಡೂ ನೀರನ್ನು ಸೀಳುತ್ತ ಹೋಗುತ್ತವೆ, ನಡುವಿನ ನೀರನ್ನು ಮಾತ್ರ ಅದರ ಪಾಡಿಗೆ ಬಿಟ್ಟುಬಿಡುತ್ತವೆ. ಆಸ್ಟ್ರೇಲಿಯದ ಈಶಾನ್ಯ ಕರಾವಳಿಯ ಪೋರ್ಟ್ ಡಗ್ಲಸ್ ಎಂಬ ಪುಟ್ಟ ಊರಿನಿಂದ ಲೋ ಐಲ್ಸ್ ಎಂಬ ಜೋಡಿ ದ್ವೀಪಗಳಿಗೆ ಹೊರಟ ಒಂದು ಆಗಸ್ಟ್ ಬೆಳಗ್ಗೆ, ಎಪ್ಪತ್ತು ದಾಟಿದ ನಾನು ಹನ್ನೊಂದರ ಮೊಮ್ಮಗಳ ಪಕ್ಕದಲ್ಲಿ ಹಾಗೆ ಬಿದ್ದುಕೊಂಡಿದ್ದೆ. ಆಗ್ನೇಯದ ಗಾಳಿ ಹಾಯಿಯನ್ನು ತುಂಬಿತ್ತು. ಎಂಜಿನ್ ನಿಲ್ಲಿಸಿದ ಮೇಲೆ ಉಳಿದದ್ದು ನೀರಿನ ಸದ್ದು, ಹಗ್ಗ ಕಿರುಗುಟ್ಟುವ ಸದ್ದು, ಅಷ್ಟೆ.

“ಅಜ್ಜ, ಈ ಥರದ ದೋಣಿಗೆ ಕ್ಯಾಟಮರಾನ್ ಅಂತಾರೆ” ಎಂದಳು, ನನಗೊಂದು ಹೊಸ ವಿಷಯ ಕಲಿಸುವ ಉತ್ಸಾಹದಲ್ಲಿ.

“ಕಟ್ಟುಮರ” ಎಂದೆ.

ಅವಳು ನಕ್ಕಳು. ಅಜ್ಜ ಇಂಗ್ಲಿಷ್ ಪದವನ್ನು ತಿರುಚಿ ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡಿರಬೇಕು. ತಿರುಚಿದವರು ಬೇರೆ ಎಂದು ಅವಳಿಗೆ ಹೇಗೆ ಹೇಳಲಿ? ಕೋರಮಂಡಲದ ತೀರದಲ್ಲಿ ಮೀನುಗಾರರು ನಾಲ್ಕಾರು ದಿಮ್ಮಿಗಳನ್ನು ಹಗ್ಗದಿಂದ ಬಿಗಿದು ಅಲೆಯ ಮೇಲೆ ಬಿಡುತ್ತಿದ್ದರು. ಹದಿನೇಳನೆಯ ಶತಮಾನದ ಕೊನೆಗೆ ವಿಲಿಯಂ ಡ್ಯಾಂಪಿಯರ್ ಎಂಬ ಅರೆ ಕಡಲ್ಗಳ್ಳ, ಅರೆ ಪ್ರಕೃತಿ ವೀಕ್ಷಕ ಅವುಗಳ ತಮಿಳು ಹೆಸರನ್ನು ತನಗೆ ಕೇಳಿಸಿದಂತೆ ಬರೆದುಕೊಂಡ. ಪದ ಹಡಗು ಹತ್ತಿತು. ಮುಂದೆ ಅದು ಹೋಗಿ ಅಂಟಿಕೊಂಡದ್ದು ಶಾಂತಸಾಗರದ ಪಾಲಿನೇಷ್ಯದವರು ಸಾವಿರಾರು ವರ್ಷಗಳಿಂದ ನಡೆಸುತ್ತಿದ್ದ ಜೋಡಿ ಒಡಲಿನ ದೋಣಿಗೆ. ವಸ್ತು ಒಬ್ಬರದು, ಹೆಸರು ಇನ್ನೊಬ್ಬರದು. ನಡುವೆ ಒಬ್ಬ ಇಂಗ್ಲಿಷಿನವನ ಕಿವಿ. ನಮಗೆ ಮಾತ್ರ ಈ ಪದವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಕಟ್ಟು ನಮ್ಮದು, ಮರವೂ ನಮ್ಮದು. ತಮಿಳಿಗೂ ಕನ್ನಡಕ್ಕೂ ಇರುವ ಹಳೆಯ ನಂಟು, ಊರಿನಿಂದ ಅಷ್ಟು ದೂರದ ಕಡಲಿನಲ್ಲಿ, ಒಂದು ದೋಣಿಯ ಹೆಸರಾಗಿ ತೇಲುತ್ತಿತ್ತು.

ನನ್ನ ಬಾಲ್ಯದಲ್ಲಿ, ಸೇತುವೆಗಳು ಬರುವ ಮುಂಚೆ, ನಮ್ಮ ಕರಾವಳಿಯ ಹೊಳೆಗಳಲ್ಲಿ ಎರಡು ದೋಣಿಗಳನ್ನು ಪಕ್ಕಪಕ್ಕದಲ್ಲಿಟ್ಟು, ಮೇಲೆ ಹಲಗೆ ಹಾಸಿ, ಬಸ್ಸನ್ನೂ ಎತ್ತಿನ ಗಾಡಿಯನ್ನೂ ದಾಟಿಸುತ್ತಿದ್ದರು. ಜಂಗಲ್ ಎನ್ನುತ್ತಿದ್ದೆವು. ಒಂದೇ ದೋಣಿಗೆ ಬಸ್ಸು ಹತ್ತಿಸಿದರೆ ಎರಡೂ ಹೊಳೆಯ ಪಾಲು. ಎರಡನ್ನು ಜೋಡಿಸಿದರೆ ಬಸ್ಸಿನೊಳಗೆ ಕೂತ ಅಜ್ಜಿಯ ನಿದ್ದೆಯೂ ಕೆಡುತ್ತಿರಲಿಲ್ಲ. ಎರಡು ಸಾವಿರ ವರ್ಷದ ಹಿಂದೆ ಗ್ರೀಕ್ ನಾವಿಕನೊಬ್ಬ ಬರೆದಿಟ್ಟ ‘ಎರಿತ್ರಿಯನ್ ಸಮುದ್ರದ ಪೆರಿಪ್ಲಸ್’ನಲ್ಲಿ ನಮ್ಮ ಪೂರ್ವ ತೀರದ ದೊಡ್ಡ ಜೋಡುಮರದ ದೋಣಿಗಳಿಗೆ ‘ಸಂಗರ’ ಎಂಬ ಹೆಸರಿದೆ. ಪಂಡಿತರು ಏನಾದರೂ ಹೇಳಲಿ, ಆ ಪದ ಕೇಳಿದಾಗ ನನ್ನ ಕಿವಿಗೆ ಬಡಿಯುವುದು ನಮ್ಮ ‘ಸಂಗಡ’. ಯಾರ ಸಂಗಡ ಹೊಳೆ ದಾಟಿದೆ ಎಂಬುದೇ ಬದುಕಿನ ಅರ್ಧ ಕಥೆಯಲ್ಲವೇ?

ನಮ್ಮ ಭಾಷೆಯಲ್ಲಿ ‘ಕಟ್ಟು’ ಎಂಬುದರಷ್ಟು ಮೈಮುರಿದು ದುಡಿಯುವ ಕ್ರಿಯಾಪದ ಇನ್ನೊಂದಿಲ್ಲವೇನೋ. ಮನೆ ಕಟ್ಟುತ್ತೇವೆ, ಬುತ್ತಿ ಕಟ್ಟುತ್ತೇವೆ, ಪದ ಕಟ್ಟುತ್ತೇವೆ, ಹೂವು ಕಟ್ಟುತ್ತೇವೆ, ತಾಳಿ ಕಟ್ಟುತ್ತೇವೆ. ಯಕ್ಷಗಾನದವರು ವೇಷ ಕಟ್ಟುತ್ತಾರೆ. ಅದೇ ಪದ ದನವನ್ನು ಗೂಟಕ್ಕೆ ಕಟ್ಟುತ್ತದೆ, ಎದುರಾಡುವವರ ಬಾಯಿ ಕಟ್ಟುತ್ತದೆ, ಉಸಿರು ಕಟ್ಟಿಸುತ್ತದೆ. ನಿರ್ಮಿಸುವುದಕ್ಕೂ ಬಂಧಿಸುವುದಕ್ಕೂ ಒಂದೇ ಮಾತು ಸಾಕು ಎಂದು ನಮ್ಮ ಹಿರಿಯರು ಏಕೆ ಬಗೆದರು? ಪದಗಳಿಗೆ ಬರವಿತ್ತೇ? ಅಥವಾ ಎರಡೂ ಒಂದೇ ಹಗ್ಗದ ಕೆಲಸ, ಗಂಟು ಹಾಕುವ ಕೈಯಲ್ಲಷ್ಟೇ ವ್ಯತ್ಯಾಸ ಎಂಬುದು ಅವರಿಗೆ ತಿಳಿದಿತ್ತೇ?

ಬಲೆಯ ಮೇಲೆ ಮಲಗಿದ್ದಾಗ ನನಗೆ ಕಂಡದ್ದು ಇನ್ನೂ ಒಂದು. ಈ ದೋಣಿಯ ಗುಣವಿರುವುದು ಕಟ್ಟಿನಲ್ಲಿ ಎಷ್ಟೋ, ಕಟ್ಟಿದ ಮೇಲೂ ಉಳಿಸಿಕೊಂಡ ಅಂತರದಲ್ಲಿ ಅಷ್ಟೇ. ಎರಡು ಒಡಲುಗಳನ್ನು ಅಂಟಿಸಿಬಿಟ್ಟರೆ ಅದು ಬರಿಯ ಅಗಲದ ದೋಣಿ, ನೀರನ್ನು ನೂಕುತ್ತ ತಡವರಿಸುತ್ತದೆ. ಬೇಕಾಬಿಟ್ಟಿ ದೂರವಿಟ್ಟರೆ ನಡುವಿನ ತೊಲೆ ಅಲೆಯ ಹೊಡೆತಕ್ಕೆ ಮುರಿಯುತ್ತದೆ. ಇಬ್ಬರ ನಡುವೆ ಎಷ್ಟು ನೀರು ಹರಿಯಬೇಕು ಎಂಬ ಲೆಕ್ಕ ದೋಣಿ ಕಟ್ಟುವವನಿಗೆ ಗೊತ್ತು. 1876ರಲ್ಲಿ ಅಮೆರಿಕದ ನಥಾನಿಯಲ್ ಹೆರೆಶಾಫ್ ಅಂಥದೊಂದು ದೋಣಿ ಮಾಡಿ ನ್ಯೂಯಾರ್ಕಿನ ಪಂದ್ಯದಲ್ಲಿ ಒಂಟಿ ಒಡಲಿನವರನ್ನೆಲ್ಲ ಹಿಂದಿಕ್ಕಿದಾಗ, ಪಂದ್ಯದವರು ಮಾಡಿದ ಮೊದಲ ಕೆಲಸ ಅಂಥ ದೋಣಿಯನ್ನೇ ಹೊರಗಿಟ್ಟದ್ದು. ಸೋತವರ ಸಿಟ್ಟು ಎಲ್ಲ ದೇಶದಲ್ಲೂ ಒಂದೇ ರೀತಿ.

ಒಂಟಿ ಒಡಲಿನ ಹಾಯಿದೋಣಿ ತನ್ನ ತಳದಲ್ಲಿ ಭಾರ ಹೊತ್ತಿರುತ್ತದೆ. ಗಾಳಿ ನೂಕಿದರೆ ವಾಲುತ್ತದೆ, ಇನ್ನೇನು ಹೋಯಿತು ಎನ್ನುವಷ್ಟು ವಾಲುತ್ತದೆ, ಮತ್ತೆ ಆ ಭಾರವೇ ಅದನ್ನು ಎಬ್ಬಿಸಿ ನಿಲ್ಲಿಸುತ್ತದೆ. ಜೋಡಿ ಒಡಲಿನದು ನಿಲ್ಲುವುದು ಅಗಲದ ಬಲದಿಂದ. ಅದು ವಾಲುವುದಿಲ್ಲ, ಅದರ ಮೇಲೆ ಚಹಾ ಲೋಟ ಇಟ್ಟರೂ ಚೆಲ್ಲುವುದಿಲ್ಲ. ಆದರೆ ಒಮ್ಮೆ ಮಗುಚಿತೆಂದರೆ ತಾನಾಗಿ ಏಳದು. ಯಾರಾದರೂ ಬಂದು ಎಬ್ಬಿಸಬೇಕು. ಸಂನ್ಯಾಸಿಯ ಬಾಳಿಗೂ ಸಂಸಾರಿಯ ಬಾಳಿಗೂ ಇರುವ ವ್ಯತ್ಯಾಸವನ್ನು ಇಷ್ಟು ಚೊಕ್ಕವಾಗಿ ಯಾವ ಪ್ರವಚನಕಾರನೂ ನನಗೆ ಹೇಳಿರಲಿಲ್ಲ. ಎರಡರಲ್ಲಿ ಯಾವುದು ಮೇಲು ಎಂದು ಕೇಳುವುದು ವ್ಯರ್ಥ. ಯಾವ ದೋಣಿ ಹತ್ತಿದ್ದೇವೆ, ಅದು ಬಿದ್ದರೆ ಹೇಗೆ ಬೀಳುತ್ತದೆ ಎಂಬುದಾದರೂ ನಮಗೆ ತಿಳಿದಿರಬೇಡವೇ? ನಾಲ್ಕು ವರ್ಷದ ಹಿಂದೆ ನನ್ನ ಮನೆಯ ಇನ್ನೊಂದು ಮರ ಹೋಯಿತು. ಮಗಳು ಟಿಕೆಟ್ ಕಳಿಸಿ ಇಲ್ಲಿಗೆ ಕರೆಸಿಕೊಂಡದ್ದು ಅದಕ್ಕೇ.

ಗಂಟೆಯೊಂದರಲ್ಲಿ ದ್ವೀಪ ಬಂತು. ಒಂದು ತುಣುಕು ಬಿಳಿ ಮರಳು, ಒಂದಿಷ್ಟು ಮರ, ನಡುವೆ 1878ರಲ್ಲಿ ಕಟ್ಟಿದ ಬಿಳಿಯ ದೀಪಸ್ತಂಭ, ತಲೆಗೆ ಕೆಂಪು ಟೋಪಿ. ಪಕ್ಕದ ದ್ವೀಪವನ್ನು ಪೂರ್ತಿ ಕಾಂಡ್ಲಾ ಗಿಡಗಳು ಹೊದ್ದುಕೊಂಡಿವೆ. ನಾವಿಕರು ಲಂಗರು ಇಳಿಸಲಿಲ್ಲ. ತಳಕ್ಕೆ ಮೊದಲೇ ಬಿಗಿದು ಮೇಲೆ ತೇಲಿಸಿಟ್ಟ ಬುರುಡೆಯೊಂದಕ್ಕೆ ಹಗ್ಗ ಸಿಕ್ಕಿಸಿ ನಿಲ್ಲಿಸಿದರು. ದಿನಕ್ಕೊಂದು ಲಂಗರು ಬಿದ್ದರೂ ಕೆಳಗಿನ ಹವಳ ಪುಡಿಯಾಗುತ್ತದೆ. ಒಮ್ಮೆ ಸರಿಯಾಗಿ ಕಟ್ಟಿದರೆ ನೂರು ಸಲ ಇರಿಯುವುದು ತಪ್ಪುತ್ತದೆ.

ನಾನು ಹೊಳೆದಂಡೆಯಲ್ಲಿ ಬೆಳೆದವನು, ಈಜು ಬಲ್ಲವನು. ಆ ಗರ್ವ ಸ್ನಾರ್ಕೆಲ್ ಕಚ್ಚಿದ ಮೊದಲ ನಿಮಿಷದಲ್ಲಿ ಇಳಿಯಿತು. ಮುಖಕ್ಕೆ ಗಾಜು, ಬಾಯಿಗೆ ಕೊಳವೆ, ಮೂಗಿಗೆ ಬೀಗ. ಜೀವಮಾನವಿಡೀ ಮೂಗಿನಿಂದ ಉಸಿರಾಡಿದವನಿಗೆ, ಸಾಲದ್ದಕ್ಕೆ ಮೂವತ್ತು ವರ್ಷ ಬೆಳಗ್ಗೆದ್ದು ಪ್ರಾಣಾಯಾಮ ಮಾಡಿದವನಿಗೆ, ಬಾಯಿಂದ ಉಸಿರಾಡು, ಅದೂ ನೀರಿನಲ್ಲಿ ಮುಖವಿಟ್ಟು ಆಡು ಎಂದರೆ ಮೈಯೆಲ್ಲ ದಂಗೆ ಏಳುತ್ತದೆ. ಎದೆ ಏದುಸಿರು ಬಿಟ್ಟಿತು, ಉಪ್ಪು ನೀರು ಗಂಟಲಿಗೆ ಬಂತು, ಕೈಕಾಲು ಬಡಿದೆ. ಜೊತೆಗಿದ್ದ ದೋಣಿಯ ಹುಡುಗಿ, ನನ್ನ ಮೊಮ್ಮಗಳಿಗಿಂತ ಹತ್ತು ವರ್ಷ ದೊಡ್ಡವಳಿರಬಹುದು, ಮೊಣಕೈ ಹಿಡಿದು ಹೇಳಿದ್ದು ಇಷ್ಟೇ: ಈಜಬೇಡಿ, ಸುಮ್ಮನೆ ಮಲಗಿ.

ಸುಮ್ಮನೆ ಮಲಗಿದೆ. ಉಪ್ಪು ನೀರು ಹೊತ್ತುಕೊಂಡಿತು. ಸುಮ್ಮನಿರುವುದನ್ನು ಕಲಿಯಲು ನಾವು ಎಷ್ಟು ಗುರುಗಳನ್ನು ಹುಡುಕುತ್ತೇವೆ, ಎಷ್ಟು ಶಿಬಿರಗಳಿಗೆ ಹಣ ತೆರುತ್ತೇವೆ! ಮೇಲೆ ಮಾತು ನಿಂತಿತು, ಏಕೆಂದರೆ ಬಾಯಿ ತುಂಬ ಕೊಳವೆ. ಕೇಳಿಸಿದ್ದು ನನ್ನದೇ ಉಸಿರು, ದೊಡ್ಡದಾಗಿ, ಪಕ್ಕದಲ್ಲಿ ಯಾರೋ ಮಲಗಿದ್ದಾರೇನೋ ಎಂಬಂತೆ. ಆ ಉಸಿರಿನ ಹಿಂದೆ ಸಣ್ಣಗೆ ಚಟಪಟ ಎನ್ನುವ ಸದ್ದು, ಒಗ್ಗರಣೆಯ ಸಾಸಿವೆ ಸಿಡಿದಂತೆ. ಹವಳದ ಸಂದಿಯ ಸಿಗಡಿಗಳು ಮಾಡುವ ಸದ್ದಂತೆ ಅದು. ನಿಶ್ಶಬ್ದವೆಂದು ನಾವು ಕರೆಯುವ ಸಮುದ್ರ ಎಷ್ಟೊಂದು ಮಾತಾಡುತ್ತಿರುತ್ತದೆ.

ಮತ್ತೆ ಕೆಳಗೆ ಹವಳ. ಹವಳ ಎಂದರೆ ನಮಗೆ ಏನು? ಅಜ್ಜಿಯ ಕೊರಳ ಸರ, ನವರತ್ನಗಳಲ್ಲಿ ಒಂದು, ಕುಜದೋಷಕ್ಕೆ ಬೆರಳಿಗೆ ತೊಡುವ ಕೆಂಪು ಕಲ್ಲು. ಆ ಕೆಂಪು ಹವಳ ಹೆಚ್ಚಾಗಿ ಬರುತ್ತಿದ್ದದ್ದು ದೂರದ ಮೆಡಿಟರೇನಿಯನ್ ಸಮುದ್ರದಿಂದ. ನಮ್ಮ ಹೆಂಗಸರು ಮುತ್ತಿಗೆ ಕೊಡುವ ಬೆಲೆಯನ್ನು ಭಾರತದ ಗಂಡಸರು ಹವಳಕ್ಕೆ ಕೊಡುತ್ತಾರೆ ಎಂಬ ಅರ್ಥದ ಮಾತನ್ನು ರೋಮಿನ ಪ್ಲಿನಿ ಮೊದಲ ಶತಮಾನದಲ್ಲೇ ಬರೆದಿದ್ದಾನೆ. ಅಂದರೆ ಎರಡು ಸಾವಿರ ವರ್ಷ ನಾವು ಕೊರಳಲ್ಲಿ ಧರಿಸಿದ್ದು ಒಂದು ಜೀವದ ಎಲುಬನ್ನು. ಮುರ್ಡೇಶ್ವರದ ಆಚೆ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ ಎಂದು ಕೇಳಿಯೂ ಒಂದು ದಿನ ಹೋಗಿ ನೋಡದ ನಾನು, ಜೀವಂತ ಹವಳವನ್ನು ಮೊದಲ ಬಾರಿಗೆ ಕಂಡದ್ದು ಪರದೇಶದಲ್ಲಿ.

ಕಂಡಾಗ ನಿರಾಸೆಯಾಯಿತೆಂದರೆ ನಂಬುತ್ತೀರಾ? ಜಾಹೀರಾತಿನ ನೇರಳೆ, ಕಿತ್ತಳೆ ಅಲ್ಲೊಂದು ಇಲ್ಲೊಂದು ಇದ್ದವು. ಉಳಿದದ್ದೆಲ್ಲ ಕಂದು, ಪಾಚಿ ಹಸಿರು, ಒಣಗಿದ ಅಡಿಕೆ ಸಿಪ್ಪೆಯ ಬಣ್ಣ. ಕೊಂಬುಗಳು, ಬುರುಡೆಗಳು, ತಟ್ಟೆಗಳು, ಹರವಿಟ್ಟ ಗೆರಸೆಗಳು. ಎಷ್ಟೋ ಕಡೆ ಸತ್ತು ಬೂದಿಯಾದ ಕೊಂಬೆಗಳ ರಾಶಿ. ಕಣ್ಣು ಹೊಂದಿಕೊಳ್ಳಲು ಹತ್ತು ನಿಮಿಷ ಬೇಕಾಯಿತು. ಆಮೇಲೆ ತಿಳಿಯಿತು, ಆ ಕಂದು ಬಣ್ಣವೇ ಆರೋಗ್ಯ. ಹವಳದ ಹುಳುವಿಗೆ ಸ್ವಂತ ಬಣ್ಣ ಹೆಚ್ಚಿಲ್ಲ. ಕಡಲೆಕಾಳಿಗಿಂತ ಚಿಕ್ಕ, ಗಾಜಿನಂತೆ ಪಾರದರ್ಶಕವಾದ ಆ ಪ್ರಾಣಿಯ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿಕಣಗಳು ಲಕ್ಷಾಂತರ ಬಾಡಿಗೆಗಿವೆ. ಅವು ಬಿಸಿಲುಂಡು ಸಕ್ಕರೆ ಮಾಡಿ ಮನೆಯೊಡೆಯನಿಗೆ ಕೊಡುತ್ತವೆ; ಒಡೆಯ ಅವಕ್ಕೆ ಸೂರು ಕೊಟ್ಟು, ತನ್ನ ಕಸವನ್ನೇ ಗೊಬ್ಬರವಾಗಿ ಉಣಿಸುತ್ತಾನೆ. ಸುಮಾರು 2,300 ಕಿಲೋಮೀಟರ್ ಉದ್ದದ ಗ್ರೇಟ್ ಬ್ಯಾರಿಯರ್ ರೀಫ್ ಎಂಬ ಮಹಾಗೋಡೆ ನಿಂತಿರುವುದು ಈ ಒಪ್ಪಂದದ ಮೇಲೆ. ಒಂದು ಪ್ರಾಣಿ, ಒಂದು ಗಿಡ. ಇದೂ ಕಟ್ಟುಮರವೇ.

ಈ ಒಪ್ಪಂದದ ರಹಸ್ಯವನ್ನು ಕೆದಕಿದವರು ಇದೇ ಲೋ ಐಲ್ಸ್‌ಗೆ ಬಂದಿದ್ದರು. 1928ರಲ್ಲಿ ಮಾರಿಸ್ ಯಾಂಗ್ ಎಂಬ ಇಪ್ಪತ್ತೆಂಟರ ತರುಣನ ನಾಯಕತ್ವದಲ್ಲಿ ಬ್ರಿಟಿಷ್ ವಿಜ್ಞಾನಿಗಳ ತಂಡವೊಂದು ಈ ಮರಳಿನ ಚೂರಿನ ಮೇಲೆ ಗುಡಿಸಲು ಹಾಕಿ ವರ್ಷಕ್ಕೂ ಮಿಕ್ಕಿ ಉಳಿಯಿತು. ಯಾಂಗನ ಹೆಂಡತಿ ಮ್ಯಾಟಿಯೇ ತಂಡದ ವೈದ್ಯೆ. ಹವಳ ಏನು ತಿನ್ನುತ್ತದೆ ಎಂಬುದು ಅವರ ದೊಡ್ಡ ಪ್ರಶ್ನೆ. ಹವಳಗಳನ್ನು ಕತ್ತಲ ಪೆಟ್ಟಿಗೆಗಳಲ್ಲಿಟ್ಟರು, ಉಪವಾಸ ಕೆಡವಿದರು, ನೀರು ಬಿಸಿಯಾದಾಗ ಅವು ಪಾಚಿಯನ್ನು ಹೊರಗೆ ಉಗುಳುವುದನ್ನೂ ಕಂಡರು. ಇಷ್ಟೆಲ್ಲ ಕಂಡ ಯಾಂಗ್ ಬಂದ ತೀರ್ಮಾನ ಏನು ಗೊತ್ತೇ? ಹವಳ ಅಪ್ಪಟ ಮಾಂಸಾಹಾರಿ, ಪಾಚಿಯಿಂದ ಅದಕ್ಕೆ ಊಟದ ಲಾಭವಿಲ್ಲ. ಪಾಚಿ ಮನೆ ಗುಡಿಸುವ ಆಳು ಮಾತ್ರ. ಈ ಮಾತು ಮೂವತ್ತು ವರ್ಷ ಹೆಚ್ಚುಕಡಿಮೆ ವೇದವಾಯಿತು. 1950ರ ದಶಕದ ಕೊನೆಗೆ ಲೆನರ್ಡ್ ಮಸ್ಕಟೀನ್‌ನಂಥವರು ವಿಕಿರಣಶೀಲ ಇಂಗಾಲದ ಜಾಡು ಹಿಡಿದು ಹೋದಾಗ, ಹವಳದ ನೆಂಟನಾದ ಕಡಲಹೂವಿನಲ್ಲಿ ಮೊದಲು ಸತ್ಯ ಬಯಲಾಯಿತು. ಆಳು ಎಂದುಕೊಂಡವನೇ ಅಡುಗೆ ಮಾಡಿ ಬಡಿಸುತ್ತಿದ್ದ.

ಯಾಂಗನನ್ನು ಹಳಿಯಲು ಇದನ್ನು ಹೇಳುತ್ತಿಲ್ಲ. ಅವನು ದೊಡ್ಡವನು, ಅವನು ನೋಡಿ ಬರೆದಿಟ್ಟದ್ದರಿಂದಲೇ ಮುಂದಿನವರು ಅವನ ತಪ್ಪನ್ನು ಕಂಡರು. ನನ್ನನ್ನು ಕಾಡುವುದು ಬೇರೆ. ಒಂದೇ ಸೂರಿನಡಿ, ಕಣ್ಣೆದುರಿಗೇ, ಯಾರು ಯಾರನ್ನು ಸಾಕುತ್ತಿದ್ದಾರೆ ಎಂಬುದು ಇಷ್ಟು ಸುಲಭವಾಗಿ ತಪ್ಪಿಹೋಗುತ್ತದಲ್ಲ? ನಮ್ಮ ಮನೆಗಳಲ್ಲಿ ‘ಅವಳೇನು, ಮನೆಯಲ್ಲೇ ಇರುತ್ತಾಳೆ’ ಎಂಬ ಒಂದು ಮಾತಿತ್ತು. ಈಗಲೂ ಇದೆ. ಸಂಬಳ ತರುವವನು ಸಾಕುವವನು, ಉಳಿದವರು ಸಾಕಿಸಿಕೊಳ್ಳುವವರು ಎಂಬ ಲೆಕ್ಕವನ್ನು ನಾನೂ ಮೂವತ್ತೈದು ವರ್ಷ ಬರೆದೆ. ಲೆಕ್ಕ ತಪ್ಪಿದ್ದು ತಿಳಿಯಲು ಜಾಡು ಹಿಡಿಯುವ ಇಂಗಾಲ ಬೇಕಾಗಲಿಲ್ಲ, ಒಂದು ಖಾಲಿ ಅಡುಗೆಮನೆ ಸಾಕಾಯಿತು.

ಬೇಸಿಗೆಯ ರೂಢಿಯ ಬಿಸಿಗಿಂತ ಬರಿಯ ಒಂದು ಡಿಗ್ರಿ ಹೆಚ್ಚಾಗಿ ಕೆಲವು ವಾರ ನಿಂತರೆ ಈ ಒಪ್ಪಂದ ಮುರಿಯುತ್ತದೆ. ಬಿಸಿಯಲ್ಲಿ ಪಾಚಿ ವಿಷವುಣಿಸತೊಡಗುತ್ತದೆ, ಹವಳ ಅದನ್ನು ಹೊರಹಾಕುತ್ತದೆ. ಆಗ ಮೈ ಬೆಳ್ಳಗಾಗುತ್ತದೆ, ಎಲುಬು ಹೊಳೆಯುತ್ತದೆ. ಬಿಳುಪು ನಮಗೆ ಶುದ್ಧಿಯ ಬಣ್ಣ. ಹವಳಕ್ಕೆ ಅದು ಹಸಿವಿನ ಬಣ್ಣ. 1998, 2002, 2016, 2017, 2020, 2022, 2024: ಈ ವರ್ಷಗಳಲ್ಲೆಲ್ಲ ಆ ಮಹಾಗೋಡೆಯ ದೊಡ್ಡ ದೊಡ್ಡ ಭಾಗಗಳು ಬೆಳ್ಳಗಾದವು. 2016ರಿಂದೀಚೆಗೆ ಅಂಕಿಗಳ ನಡುವಿನ ಬಿಡುವು ಎಷ್ಟು ಕಿರಿದಾಗಿದೆ ನೋಡಿ. ಬೆಳ್ಳಗಾದ ಕೂಡಲೇ ಹವಳ ಸಾಯುವುದಿಲ್ಲ. ನೀರು ಬೇಗ ತಣಿದರೆ ಪಾಚಿ ಮತ್ತೆ ಬಂದು ಸೇರುತ್ತದೆ, ಬಣ್ಣ ಮರಳುತ್ತದೆ. ತಡವಾದರೆ ಇಲ್ಲ. ಇಬ್ಬರಲ್ಲಿ ಯಾರು ಬಿಟ್ಟರು, ಯಾರನ್ನು ಬಿಟ್ಟರು ಎಂಬ ತೀರ್ಪು ಅಲ್ಲಿ ನಡೆಯುವುದಿಲ್ಲ. ಮುನಿಸಿಕೊಂಡವರು ಮತ್ತೆ ಸೇರಲು ಒಂದಿಷ್ಟು ತಂಪಾದ ದಿನಗಳು ಬೇಕು, ಅಷ್ಟೆ. ಇಷ್ಟು ಹೇಳಿ ನನಗೇ ಸಂಕೋಚವಾಗುತ್ತದೆ. ಹವಳಕ್ಕೆ ನಮ್ಮ ಸಂಸಾರದ ಕಥೆಯನ್ನು ಅಂಟಿಸುವುದು ಎಷ್ಟು ನ್ಯಾಯ? ಅದಕ್ಕೆ ಮುನಿಸೂ ಇಲ್ಲ, ರಾಜಿಯೂ ಇಲ್ಲ. ಇರುವುದು ಬಿಸಿ ನೀರು.

ಆ ನೀರನ್ನು ಬಿಸಿ ಮಾಡಿದವರಲ್ಲಿ ನಾನೂ ಒಬ್ಬ ಎಂಬುದನ್ನು ಮುಚ್ಚಿಡಲಾರೆ. ಬೆಂಗಳೂರಿನಿಂದ ಎರಡು ವಿಮಾನ ಬದಲಿಸಿ ಬಂದವನು ಹಾಯಿದೋಣಿ ಹತ್ತಿ, ಆಹಾ ಗಾಳಿಯಿಂದಲೇ ಸಾಗುತ್ತೇವೆ ಎಂದು ಬೀಗಿದರೆ ಗಾಳಿಯೇ ನಗಬೇಕು. ಸಂರಕ್ಷಣೆಗೆಂದು ಪ್ರವಾಸಿಯೊಬ್ಬನಿಂದ ದಿನಕ್ಕೆ ಕೆಲವು ಡಾಲರ್ ಪಡೆಯುತ್ತಾರೆ, ಟಿಕೆಟಿನಲ್ಲೇ ಸೇರಿಸುತ್ತಾರೆ. ಅದು ಪ್ರಾಯಶ್ಚಿತ್ತವಾಗುವುದಿಲ್ಲ, ಹೆಚ್ಚೆಂದರೆ ಒಪ್ಪಿಗೆಯ ರಸೀದಿ. ಹಾಗಾದರೆ ಹೋಗಲೇಬಾರದೇ? ನೋಡದವನು ಕಾಪಾಡಿಯಾನೇ? ನೋಡಲು ಹೋದವನ ಹೆಜ್ಜೆಯೇ ಭಾರವಾದರೆ? ಈ ಪ್ರಶ್ನೆಯನ್ನು ನಾನು ಎರಡೂ ಕಡೆಯಿಂದ ತಿರುವಿ ನೋಡಿದ್ದೇನೆ. ನನ್ನ ಮೊಮ್ಮಗಳು ಆ ದಿನ ನೀರಿನಿಂದ ತಲೆಯೆತ್ತಿದಾಗ ಅವಳ ಮುಖ ಹೇಗಿತ್ತು ಎಂಬುದನ್ನು ಕಂಡ ಮೇಲೆ ‘ಬಾರದಿತ್ತು’ ಎನ್ನಲು ನಾಲಿಗೆ ಏಳುವುದಿಲ್ಲ. ‘ಬಂದದ್ದು ಸರಿ’ ಎನ್ನಲೂ ಏಳುವುದಿಲ್ಲ.

ನೀರಿಗಿಳಿಯುವ ಮುನ್ನ ಒಂದು ಮಾತನ್ನು ನಮಗೆ ಮೂರು ಸಲ ಹೇಳಿದ್ದರು: ಮುಟ್ಟಬೇಡಿ. ಹವಳದ ಮೇಲೆ ನಿಲ್ಲಬೇಡಿ, ಆಮೆಯನ್ನು ಬೆನ್ನಟ್ಟಬೇಡಿ, ಕೈ ಎದೆಗೆ ಕಟ್ಟಿಕೊಂಡು ತೇಲಿ. ಅಲ್ಲಿಯೂ ಕಟ್ಟು! ಕಡಲಹುಲ್ಲು ಮೇಯುತ್ತಿದ್ದ ಹಸಿರು ಆಮೆಯೊಂದು ನನ್ನಿಂದ ಎರಡು ಮಾರು ಕೆಳಗೆ, ನಮ್ಮ ಕೊಟ್ಟಿಗೆಯ ಎಮ್ಮೆಯಷ್ಟೇ ನಿರಾಳವಾಗಿ ಮೆಲ್ಲುತ್ತಿತ್ತು. ಒಮ್ಮೆ ಉಸಿರಿಗೆಂದು ಮೇಲೆ ಬಂತು, ನನ್ನ ಪಕ್ಕದಲ್ಲೇ ತಲೆ ಹೊರಗಿಟ್ಟು ಉಸಿರೆಳೆಯಿತು, ಮತ್ತೆ ಇಳಿಯಿತು. ಇಬ್ಬರೂ ಗಾಳಿಯನ್ನೇ ನಂಬಿ ನೀರಿಗೆ ಬಂದವರು. ಚಾಚಿದರೆ ಕೈಗೆ ಸಿಗುತ್ತಿತ್ತು. ಚಾಚಲಿಲ್ಲ.

ಮುಟ್ಟದಿರುವುದು ಎಂದರೆ ನಮ್ಮ ನೆನಪಿಗೆ ಬರುವುದೇನು? ಮಡಿ. ಮನುಷ್ಯನನ್ನು ದೂರವಿಡಲು, ಕುಗ್ಗಿಸಲು ನಾವು ಹೂಡಿದ ಆಯುಧ. ಶತಮಾನಗಳ ಕಾಲ ನಮ್ಮಲ್ಲಿ ಮುಟ್ಟದಿರುವುದು ಅವಮಾನದ ಇನ್ನೊಂದು ಹೆಸರಾಗಿತ್ತು. ಆ ಕಲೆಯನ್ನು ತೊಳೆಯುವುದು ಇನ್ನೂ ಬಾಕಿ ಇದೆ. ಹಾಗೆ ಬೆಳೆದು ಬಂದ ನನ್ನಂಥವನಿಗೆ, ಮುಟ್ಟದಿರುವುದು ಗೌರವವೂ ಆಗಬಹುದೆಂದು ಒಂದು ಆಮೆಯ ಬಳಿ ಹೊಳೆದದ್ದು ಸಣ್ಣ ಮಾತಲ್ಲ. ಎಲ್ಲಿ ಮುಟ್ಟಬೇಕಿತ್ತೋ ಅಲ್ಲಿ ಕೈ ಹಿಂದೆಗೆದೆವು. ಎಲ್ಲಿ ಹಿಂದೆಗೆಯಬೇಕಿತ್ತೋ ಅಲ್ಲಿ, ಗುಡ್ಡಕ್ಕೆ, ಹೊಳೆಗೆ, ಕಾಡಿಗೆ, ಕಡಲಿಗೆ, ಎರಡೂ ಕೈ ಹಾಕಿದೆವು. ಪ್ರೀತಿಯೆಂದರೆ ಕೈಯೊಳಗೆ ಹಿಡಿಯುವುದು ಎಂದೇ ನಂಬಿದವರಿಗೆ, ಎರಡು ಮಾರು ನೀರನ್ನು ನಡುವೆ ಇಟ್ಟುಕೊಂಡು ಪ್ರೀತಿಸುವುದನ್ನು ಯಾರು ಕಲಿಸಬೇಕು?

ಮಧ್ಯಾಹ್ನ ದ್ವೀಪದ ಮೇಲೆ ಓಡಾಡಿದೆವು. ಸುತ್ತು ಹಾಕಲು ಕಾಲು ಗಂಟೆಯೂ ಬೇಡ. ಬರಿಗಾಲಿಗೆ ಬಿಳಿ ಮರಳು ಹಿತವಾಗಿತ್ತು. ಅದರಲ್ಲಿ ಗಿಳಿಮೀನಿನ ಪಾಲು ದೊಡ್ಡದು ಎಂದು ಮೊಮ್ಮಗಳು ವಿವರಿಸಿದಳು, ಶಾಲೆಯಲ್ಲಿ ಹೇಳಿದ್ದರಂತೆ. ಅದು ಕೊಕ್ಕಿನಂಥ ಹಲ್ಲಿನಿಂದ ಹವಳದ ಬಂಡೆಯನ್ನು ಕೆರೆದು, ಪಾಚಿಯನ್ನು ಅರಗಿಸಿಕೊಂಡು, ಕಲ್ಲನ್ನು ಹಿಟ್ಟು ಮಾಡಿ ಹಿಂದಿನಿಂದ ಬಿಡುತ್ತದೆ. ದೊಡ್ಡದೊಂದು ಮೀನು ವರ್ಷಕ್ಕೆ ನೂರಾರು ಕಿಲೋ ಮರಳು ಮಾಡುತ್ತದೆ. “ಅಂದ್ರೆ ಅಜ್ಜ, ನಾವು ನಿಂತಿರೋದು...” ಎಂದು ಮಾತು ಪೂರ್ತಿ ಮಾಡದೆ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಪುರಾಣದವರು ಭೂಮಿಯನ್ನು ಆಮೆಯ ಬೆನ್ನ ಮೇಲೆ ಇಟ್ಟರು. ಈ ಪುರಾಣವನ್ನು ಅವರು ಊಹಿಸಿರಲಿಕ್ಕಿಲ್ಲ.

ಇಲ್ಲಿಂದ ದಕ್ಷಿಣಕ್ಕೆ, ಕೆಯರ್ನ್ಸ್ ಸುತ್ತಿನ ಮೂಲನಿವಾಸಿಗಳಲ್ಲಿ ಒಂದು ಕಥೆಯಿದೆ. ಹಿಂದೆ ತೀರ ಈಗ ಹವಳದ ಗೋಡೆ ಇರುವಲ್ಲಿ ಇತ್ತು. ಒಬ್ಬ ಮುಟ್ಟಬಾರದ ಮೀನನ್ನು ಹಿಡಿದ. ಸಮುದ್ರ ಸಿಟ್ಟಿಗೆದ್ದು ಏರಿ ಬಂತು. ಜನ ಬೆಟ್ಟ ಹತ್ತಿ, ಬಂಡೆಗಳನ್ನು ಕಾಯಿಸಿ ನೀರಿಗೆ ಉರುಳಿಸಿ ಅದನ್ನು ನಿಲ್ಲಿಸಿದರು. ಹಿಮಯುಗ ಮುಗಿದು ಸಮುದ್ರ ನೂರು ಮೀಟರಿಗೂ ಹೆಚ್ಚು ಏರಿದ್ದು ವಿಜ್ಞಾನ ಒಪ್ಪುವ ಮಾತು; ಹತ್ತು ಸಾವಿರ ವರ್ಷದ ಆಚೆಯ ಆ ನೆನಪನ್ನು ಅಕ್ಷರವಿಲ್ಲದೆ, ಬಾಯಿಂದ ಬಾಯಿಗೆ, ತಾತನಿಂದ ಮೊಮ್ಮಗಳಿಗೆ ಕಟ್ಟಿ ತಂದಿದ್ದಾರೆ ಎಂದು ಇದನ್ನು ಬಲ್ಲವರು ಹೇಳುತ್ತಾರೆ. ಯಾರೋ ಮುಟ್ಟಬಾರದ್ದನ್ನು ಮುಟ್ಟಿದರು, ಸಮುದ್ರ ಏರಿತು. ಇದನ್ನು ಹಳೆಯ ಕಥೆ ಎನ್ನಬೇಕೋ ಇಂದಿನ ಸುದ್ದಿ ಎನ್ನಬೇಕೋ?

ಉತ್ತರಕ್ಕೆ ಹೋದರೆ ಇನ್ನೊಂದು ಕಥೆ. 1770ರ ಜೂನ್ 11ರ ರಾತ್ರಿ ಜೇಮ್ಸ್ ಕುಕ್‌ನ ಎಂಡೆವರ್ ಹಡಗು ಹವಳಕ್ಕೆ ಹೊಡೆದು ಸಿಕ್ಕಿಕೊಂಡಿತು. ಫಿರಂಗಿಗಳನ್ನು ನೀರಿಗೆಸೆದು, ಉಬ್ಬರಕ್ಕೆ ಕಾದು, ಹೇಗೋ ಬಿಡಿಸಿಕೊಂಡು ನದಿಯ ಬಾಯಿ ಸೇರಿ ತಳ ನೋಡಿದಾಗ, ತೂತಿನಲ್ಲಿ ಮುರಿದ ಹವಳದ ತುಂಡೊಂದು ಸಿಕ್ಕಿಕೊಂಡಿತ್ತು. ಸೀಳಿದ್ದೂ ಹವಳ, ತೂತು ಮುಚ್ಚಿ ಹಡಗನ್ನು ಉಳಿಸಿದ್ದೂ ಅದೇ ಹವಳದ ಚೂರು. ಈ ಘಟನೆಯಿಂದ ಏನು ಅರ್ಥ ಹೊರಡಿಸಬೇಕೆಂದು ನನಗೆ ಬಗೆಹರಿಯಲಿಲ್ಲ. ಆ ಹಡಗು ಅಲ್ಲೇ ಮುಳುಗಿದ್ದರೆ ತಮ್ಮ ಕಥೆ ಬೇರೆಯಾಗುತ್ತಿತ್ತು ಎಂದು ಆ ನೆಲದ ಹಳೆಯ ಜನ ನೆನೆದರೆ ಯಾರು ತಪ್ಪೆಂದಾರು?

ಹಿಂತಿರುಗುವಾಗ ಗಾಳಿ ಜೋರಾಗಿತ್ತು. ಎಲ್ಲರೂ ಉಪ್ಪಿನಿಂದ ಬಿರುಸಾಗಿ, ಬಿಸಿಲಿಗೆ ಸೊರಗಿ, ಮಾತಿಲ್ಲದೆ ಕೂತಿದ್ದರು. ಮಗಳು ನನ್ನ ಹೆಗಲಿಗೆ ಟವಲು ಹೊದಿಸಿ ತನ್ನ ಜಾಗಕ್ಕೆ ಹೋದಳು. ಬೆಳಗಿನ ಬಲೆಯ ಮೇಲೆ ಈಗ ಅಲೆ ಸಿಡಿಯುತ್ತಿದ್ದುದರಿಂದ ಅಲ್ಲಿಗೆ ಬಿಡಲಿಲ್ಲ. ದೂರದಿಂದ ನೋಡಿದೆ. ಎರಡು ಒಡಲುಗಳ ನಡುವೆ ನೀರು ಬೆಳ್ಳಗೆ ನೊರೆಯುತ್ತ ಹಾದುಹೋಗುತ್ತಿತ್ತು.

ರಾತ್ರಿ ಊಟ ಮುಗಿಸಿ, ದೀಪ ಆರಿಸಿ ಮಲಗಿದೆ. ಕಣ್ಣು ಮುಚ್ಚಿದ್ದೇ ತಡ, ಮಂಚ ಮೆಲ್ಲಗೆ ಏರಿತು, ಇಳಿಯಿತು. ಕಡಲಿಗೆ ಹೋಗಿ ಬಂದವರಿಗೆಲ್ಲ ಹೀಗಾಗುತ್ತದೆ ಎಂದು ನಮ್ಮೂರ ಮೀನುಗಾರರು ಹೇಳುತ್ತಿದ್ದುದು ನೆನಪಾಯಿತು. ಆಗ ಗೋಡೆಯ ಆಚೆಯಿಂದ ದನಿ ಬಂತು.

“ಅಜ್ಜ, ನಿಂಗೂ ತೂಗ್ತಾ ಇದ್ಯಾ?”

“ಹೌದು ಮಗಾ, ತೂಗ್ತಾ ಇದೆ.”